ಮಗುವಿನ ಹಾಸಿಗೆ: ಜಿಪ್ ತೆಗೆದು ನೋಡಿ, ತೂಕ ಹಾಕಿ

ಪ್ರಶ್ನೆ: ಆರು ವರ್ಷದ ಮಗಳಿಗೆ ಆರಡಿ ಉದ್ದ, ಮೂರಡಿ ಅಗಲದ ಮಂಚ ಮಾಡಿಸಿದ್ದೇವೆ. ಅಂಗಡಿಯಲ್ಲಿ ಪಿಯು ಫೋಮ್, ಮೆಮೊರಿ ಫೋಮ್, ಲ್ಯಾಟೆಕ್ಸ್ ಎಂದು ಏನೇನೋ ತೋರಿಸುತ್ತಾರೆ. ಎಲ್ಲವೂ ‘ಆರ್ಥೋಪೆಡಿಕ್’ ಅಂತೆ. ಯಾವುದನ್ನು ಕೊಳ್ಳಲಿ?
— ಓದುಗರು, ದಾವಣಗೆರೆ

ಉತ್ತರ: ‘ಆರ್ಥೋಪೆಡಿಕ್’ ಎನ್ನುವುದನ್ನು ಮೊದಲು ಪಕ್ಕಕ್ಕಿಡಿ. ಯಾವ ಹಾಸಿಗೆಗೆ ಬೇಕಾದರೂ ಅಂಟಿಸಬಹುದಾದ ಚೀಟಿ ಅದು. ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಸಾಮಾನ್ಯ ಸ್ಪಂಜಿನಂಥ ಫೋಮ್ ಆದರೆ ನೀವು ಕೇಳಬೇಕಾದದ್ದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದು. ಡೆನ್ಸಿಟಿ ಹೆಚ್ಚಿದಷ್ಟೂ ಹಾಸಿಗೆ ಗಟ್ಟಿ ಎಂದು ಮಾರುವವರೇ ಹೇಳುವುದುಂಟು. ಅದು ಸರಿಯಲ್ಲ. 40 ಡೆನ್ಸಿಟಿಯ ಫೋಮನ್ನು ಮೆತ್ತಗೂ ಮಾಡಬಹುದು, 20ರದ್ದನ್ನು ಗಟ್ಟಿಯಾಗಿಯೂ ಮಾಡಬಹುದು. ಡೆನ್ಸಿಟಿಯಿಂದ ಗೊತ್ತಾಗುವುದು ಬಾಳಿಕೆ. 18–20ರ ಫೋಮ್ ಅಂಗಡಿಯಲ್ಲಿ ಚೆನ್ನಾಗಿಯೇ ಇರುತ್ತದೆ, ಆದರೆ ಬೇಗ ಸೊಂಟದ ಜಾಗದಲ್ಲಿ ಹಳ್ಳ ಬೀಳುತ್ತದೆ. ಮಗುವಿಗೆ 32ಕ್ಕಿಂತ ಕಡಿಮೆಯದು ಬೇಡ. 40 ಸಿಕ್ಕರೆ ಅವಳು ಹೈಸ್ಕೂಲಿಗೆ ಹೋಗುವಾಗಲೂ ಅದೇ ನಡೆದೀತು.

ಅಂಗಡಿಯವರ ಮಾತನ್ನು ತೂಕದಿಂದ ಪರೀಕ್ಷಿಸಬಹುದು. 72×36 ಇಂಚು, 5 ಇಂಚು ದಪ್ಪದ ಹಾಸಿಗೆಯ ಗಾತ್ರ ಸುಮಾರು 0.21 ಘನ ಮೀಟರ್. ಹಾಗಾಗಿ 20 ಡೆನ್ಸಿಟಿ ಆದರೆ ಫೋಮ್ ಸುಮಾರು 4.2 ಕೆ.ಜಿ., 32 ಆದರೆ 6.8, 40 ಆದರೆ 8.5 ಕೆ.ಜಿ. ತೂಗಬೇಕು. ಕವರಿನ ತೂಕ ಬೇರೆ. ಹಾಸಿಗೆಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು. 40 ಎಂದು ಹೇಳಿದ್ದು ಕವರೂ ಸೇರಿ 6 ಕೆ.ಜಿ. ಬಂದರೆ ವಾದ ಬೇಡ, ಎದ್ದು ಬನ್ನಿ.

ಇದರಲ್ಲೂ ಒಂದು ಮೋಸವಿದೆ. ತೂಕ ಬರಲೆಂದೇ ಫೋಮಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವವರಿದ್ದಾರೆ. ಜಿಪ್ ತೆಗೆಸಿ, ಮೂಲೆಯಲ್ಲಿ ಬೆರಳಿನಿಂದ ಉಜ್ಜಿ ನೋಡಿ. ಪುಡಿ ಅಂಟಿದರೆ, ಒತ್ತಿ ಬಿಟ್ಟಾಗ ಫೋಮ್ ಸೋಮಾರಿಯಂತೆ ಮೇಲೆದ್ದರೆ ಅದು ಬೇಡ. ಜಿಪ್ ಇಲ್ಲದೆ ಸುತ್ತಲೂ ಹೊಲಿದ ಹಾಸಿಗೆಯನ್ನು ಮಗುವಿಗೆ ಕೊಳ್ಳಲೇಬೇಡಿ. ಒಳಗಿರುವುದು ಕಾಣುವುದಿಲ್ಲ, ಕವರ್ ತೆಗೆದು ಒಗೆಯಲೂ ಆಗುವುದಿಲ್ಲ. ಒಳಗೆ ಬಣ್ಣಬಣ್ಣದ ಚೂರುಗಳು ಅಂಟಿಕೊಂಡಂತಿದ್ದರೆ ಅದು ರೀಬಾಂಡೆಡ್ ಫೋಮ್, ಅಂದರೆ ತುಂಡು ಫೋಮನ್ನು ಅಂಟು ಹಾಕಿ ಒತ್ತಿದ್ದು. ಅದರ ಡೆನ್ಸಿಟಿ 80–100 ಇರುವುದು ಸಹಜ, ಅದನ್ನು 40ರ ಪಿಯು ಜೊತೆ ಹೋಲಿಸಬೇಡಿ. 20 ಕೆ.ಜಿ. ತೂಗುವ ಮಗುವಿಗೆ ಅದು ಹಲಗೆಯೇ ಸರಿ.

ಹಣ ಸಾಕಷ್ಟಿದ್ದರೆ ಲ್ಯಾಟೆಕ್ಸ್, ಅಂದರೆ ರಬ್ಬರಿನ ಫೋಮ್ ಒಳ್ಳೆಯದು. ಬೇಗ ಹಳ್ಳ ಬೀಳುವುದಿಲ್ಲ, ಒಳಗಿನ ರಂಧ್ರಗಳಲ್ಲಿ ಗಾಳಿ ಆಡುತ್ತದೆ. ಆದರೆ ‘ಲ್ಯಾಟೆಕ್ಸ್ ಹಾಸಿಗೆ’ ಎಂದು ಮಾರುವ ಎಷ್ಟೋ ಹಾಸಿಗೆಗಳಲ್ಲಿ ಮೇಲೆ ಒಂದಿಂಚು ಲ್ಯಾಟೆಕ್ಸ್, ಕೆಳಗೆಲ್ಲ ಪಿಯು ಅಥವಾ ತೆಂಗಿನ ನಾರು. ಪೂರ್ತಿ ಲ್ಯಾಟೆಕ್ಸ್ ಆಗಿದ್ದರೆ ಇದೇ ಅಳತೆಯದು 15–17 ಕೆ.ಜಿ. ತೂಗಬೇಕು. ನೈಸರ್ಗಿಕ ರಬ್ಬರೋ ಸಿಂಥೆಟಿಕ್ಕೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಗೋಲ್ಸ್’ (GOLS, ಸಾವಯವ ಲ್ಯಾಟೆಕ್ಸಿನ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಇದ್ದರೆ ಸಾವಯವ ಕಚ್ಚಾ ರಬ್ಬರಿನದೆಂಬ ಖಾತರಿ. ಒತ್ತಿದರೆ ಮೈಯ ಆಕಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ ನಿಮ್ಮೂರಿನ ಸೆಖೆಗೆ ಹೊಂದುವುದಿಲ್ಲ, ಮೈಶಾಖವನ್ನು ಹಿಡಿದಿಡುತ್ತದೆ.

ದಪ್ಪ 5 ಇಂಚು ಧಾರಾಳವಾಯಿತು. ಹೊಸ ಫೋಮಿನ ವಾಸನೆ ಹೋಗುವವರೆಗೆ ಎರಡು ಮೂರು ದಿನ ಕಿಟಕಿ ತೆರೆದ ಕೋಣೆಯಲ್ಲಿ ನಿಲ್ಲಿಸಿಡಿ.

ಪ್ರಶ್ನೆ: ಮಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಹತ್ತಿ ಹಾಸಿಗೆಯನ್ನಾದರೆ ಬಿಸಿಲಿಗೆ ಹಾಕುತ್ತಿದ್ದೆವು. ಲ್ಯಾಟೆಕ್ಸನ್ನೂ ಹಾಕಬಹುದೆ?
— ಓದುಗರು, ಶಿರಸಿ

ಉತ್ತರ: ಹಾಕಬೇಡಿ. ನೇರ ಬಿಸಿಲಿಗೆ ರಬ್ಬರ್ ಕಂದು ಬಣ್ಣಕ್ಕೆ ತಿರುಗಿ, ಬಿರುಸಾಗಿ ಕೊನೆಗೆ ಪುಡಿ ಉದುರುತ್ತದೆ. ಪಿಯು ಫೋಮ್ ಕೂಡ ಹಳದಿಯಾಗಿ ಸೊರಗುತ್ತದೆ. ಒದ್ದೆಯಾದ ಕೂಡಲೇ ದಪ್ಪ ಟವೆಲ್ ಹಾಕಿ, ಕೈಯೂರಿ ಒತ್ತಿ ತೇವ ಹೀರಿಸಿ. ತಿಕ್ಕಿದರೆ ಮೂತ್ರ ಇನ್ನೂ ಒಳಗಿಳಿಯುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ತೆಳುವಾಗಿ ಸಿಂಪಡಿಸಿ, ಮತ್ತೆ ಹೀರಿಸಿ, ನೆರಳಿನಲ್ಲಿ ಅಡ್ಡ ನಿಲ್ಲಿಸಿ ಎರಡೂ ಕಡೆ ಫ್ಯಾನ್ ಗಾಳಿ ಕೊಡಿ. ನೀರು ಸುರಿದು ತೊಳೆಯಲೇಬಾರದು. ನಿಮ್ಮ ಕಡೆಯ ಮಳೆಗಾಲದಲ್ಲಿ ಒಳಗಿನ ನೀರು ಆರುವುದು ಕಷ್ಟ, ಬೂಷ್ಟು ಹಿಡಿಯುತ್ತದೆ.

ನಿಜವಾದ ಉಪಾಯ ಪ್ರೊಟೆಕ್ಟರ್. ಮೇಲೆ ಟರ್ಕಿ ಟವೆಲಿನಂಥ ಹತ್ತಿ ಬಟ್ಟೆ, ಅಡಿಯಲ್ಲಿ ತೆಳು ಜಲನಿರೋಧಕ ಪದರ, ಅಂಚಿಗೆ ಎಲಾಸ್ಟಿಕ್ ಇರುವಂಥದ್ದು ಎರಡು ಇಟ್ಟುಕೊಳ್ಳಿ, ಒಂದು ಒಗೆಯಲು ಹೋದಾಗ ಇನ್ನೊಂದು ಇರಲಿ. ರೆಕ್ಸಿನ್ ಹಾಸಿದರೆ ಮಗು ಬೆವೆತು ಎದ್ದು ಕೂರುತ್ತದೆ. ಮಂಚಕ್ಕೆ ಇಡೀ ಪ್ಲೈವುಡ್ ಹೊಡೆಸಿದ್ದರೆ ಗಾಳಿ ಆಡಲು ಅದರಲ್ಲಿ ಅಲ್ಲಲ್ಲಿ ತೂತು ಕೊರೆಸಿ. ಪಟ್ಟಿಗಳಾದರೆ ನಡುವಿನ ಸಂದು 3 ಇಂಚು ಮೀರದಿರಲಿ, ಮೀರಿದರೆ ಲ್ಯಾಟೆಕ್ಸ್ ಕೆಳಗೆ ಜಗ್ಗುತ್ತದೆ.

ಪ್ರಶ್ನೆ: ಐದು ತಿಂಗಳ ಮಗುವಿನ ತೊಟ್ಟಿಲಿಗೆ ನಮ್ಮ ಹಾಸಿಗೆಯ 2 ಇಂಚಿನ ಮೆಮೊರಿ ಫೋಮ್ ಪದರವನ್ನು ಕತ್ತರಿಸಿ ಹಾಕಬಹುದೆ?
— ಓದುಗರು, ಮೈಸೂರು

ಉತ್ತರ: ಬೇಡವೇ ಬೇಡ. ಮಗು ಮಗುಚಿಕೊಂಡಾಗ ಮುಖ ಹೂತು ಉಸಿರು ಕಟ್ಟುವ ಅಪಾಯವಿದೆ. ಒಂದು ವರ್ಷ ತುಂಬುವವರೆಗೆ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯೇ ಬೇಕು. ಅಂಗೈ ಒತ್ತಿ ತೆಗೆದ ತಕ್ಷಣ ಗುರುತು ಮಾಯವಾಗಬೇಕು. ಹಾಸಿಗೆಗೂ ತೊಟ್ಟಿಲ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ದಿಂಬು, ದಪ್ಪ ರಜಾಯಿ, ಗೊಂಬೆ ಯಾವುದನ್ನೂ ಇಡಬೇಡಿ, ಅಂಗಾತ ಮಲಗಿಸಿ.

ಪ್ರಶ್ನೆ: ಬಲೂನ್ ಊದಿದರೆ ಮಗಳ ತುಟಿ ಬಾತುಕೊಳ್ಳುತ್ತದೆ. ಲ್ಯಾಟೆಕ್ಸ್ ಹಾಸಿಗೆ ಆದೀತೆ?
— ಓದುಗರು, ಪುತ್ತೂರು

ಉತ್ತರ: ಅದು ರಬ್ಬರಿನ ಪ್ರೋಟೀನಿಗೆ ಅಲರ್ಜಿ ಇರುವ ಲಕ್ಷಣ. ಹಾಸಿಗೆ ತಯಾರಿಸುವಾಗ ಲ್ಯಾಟೆಕ್ಸನ್ನು ತೊಳೆಯುತ್ತಾರೆ, ಆದರೂ ಅದನ್ನೇ ನಂಬಬೇಡಿ. ವೈದ್ಯರಿಗೆ ತೋರಿಸುವವರೆಗೆ ಪಿಯು ಫೋಮ್ ತೆಗೆದುಕೊಳ್ಳಿ. ತೆಂಗಿನ ನಾರಿನ ಹಾಸಿಗೆಗೂ ರಬ್ಬರ್ ಹಾಲನ್ನೇ ಸಿಂಪಡಿಸಿ ಗಟ್ಟಿಗೊಳಿಸಿರುತ್ತಾರೆ, ಹಾಗಾಗಿ ಅದೂ ಬೇಡ.

ಪ್ರಶ್ನೆ: ಎರಡಂತಸ್ತಿನ ಮಂಚದ ಮೇಲಿನದಕ್ಕೆ 8 ಇಂಚಿನ ಹಾಸಿಗೆ ಹಾಕಬಹುದೆ?
— ಓದುಗರು, ಬೆಂಗಳೂರು

ಉತ್ತರ: ಹಾಸಿಗೆ ಹಾಕಿದ ಮೇಲೂ ಕಟಕಟೆ ಕನಿಷ್ಠ 5 ಇಂಚು ಮೇಲೆ ಉಳಿಯಬೇಕು. ಹೆಚ್ಚಿನ ಮಂಚಗಳಲ್ಲಿ 8 ಇಂಚಿನದನ್ನು ಹಾಕಿದರೆ ಅಷ್ಟು ಉಳಿಯುವುದಿಲ್ಲ. 4 ಇಂಚಿನದನ್ನೇ ತನ್ನಿ.