ಮಿಲ್ಟ್ರಿ ಅಜ್ಜನ ಬಗ್ಗೆ ಬರೆಯುವುದಾದರೆ

ಬೆಳಗಾವಿ ಕಡೆಯ ಗೆಳೆಯನ ಅಜ್ಜ ತೀರಿಕೊಂಡಿದ್ದಾರೆ, ಅವರ ಬದುಕಿನ ಬಗ್ಗೆ ಎರಡು ಪುಟ ಬರೆದುಕೊಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಮ್ಮಲ್ಲಿ ಬಹಳಷ್ಟು ಊರುಗಳಿಗೆ ಒಬ್ಬರಾದರೂ ಮಿಲ್ಟ್ರಿ ಅಜ್ಜ ಇದ್ದಾರೆ, ವಿಜಯಪುರದ ಕಡೆಗಾದರೆ ಮಿಲ್ಟ್ರಿ ಮುತ್ಯಾ. ತೀರಿಕೊಂಡ ಮರುದಿನ ಬಸ್‌ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಏಳುತ್ತದೆ: ಯೂನಿಫಾರ್ಮಿನ ಹಳೆ ಫೋಟೋ, ಕೆಳಗೆ ‘ಮಾಜಿ ಸೈನಿಕರು’, ಅದರ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಸೇನೆಯಲ್ಲಿ ಇದ್ದದ್ದು ಹದಿನೈದೋ ಹದಿನೇಳೋ ವರ್ಷ. ಊರಿಗೆ ಬಂದು ದುಡಿದದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಆ ದುಡಿಮೆಗೆ ಫ್ಲೆಕ್ಸಿನಲ್ಲಿ ಜಾಗವೇ ಇರುವುದಿಲ್ಲ. ನೀವಾದರೂ ಅದನ್ನು ಬಿಡಬೇಡಿ.

ಮೊದಲು ಕರಿ ಟ್ರಂಕು ಎಲ್ಲಿದೆ ಕೇಳಿ. ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು ಬರೆದಿರುತ್ತದೆ. ಬಡ್ತಿ ಸಿಕ್ಕಾಗ ರ‍್ಯಾಂಕಿನ ಮೇಲಷ್ಟೇ ಕರಿ ಬಣ್ಣ ಬಳಿದು ಹೊಸದು ಬರೆಸಿರುತ್ತಾರೆ. ಬೆಳಕಿಗೆ ಓರೆಯಾಗಿ ನೋಡಿದರೆ ಹವಾಲ್ದಾರ್ ಅಡಿಯಲ್ಲಿ ಹಳೆಯ ನಾಯಕ್ ಕಂಡರೂ ಕಾಣಬಹುದು. ಒಳಗೆ ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಸಿಗುತ್ತದೆ. ಭರ್ತಿಯಾದ ದಿನ, ಬಿಟ್ಟ ದಿನ, ಟ್ರೇಡು, ಪದಕ, ಹೆಂಡತಿಯ ಹೆಸರು ಎಲ್ಲಾ ಅದರಲ್ಲೇ. ನಂಬರು ಮಾತ್ರ ಒಂದಂಕಿಯೂ ತಪ್ಪದ ಹಾಗೆ ಬರೆದುಕೊಳ್ಳಿ. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ನಂಬರಿನ ಮೇಲೆಯೇ ಹುಡುಕುವುದು. ಬರೀ ಪಾಟೀಲ ಅಂತ ಬರೆದರೆ ಯಾವ ಪಾಟೀಲ? ಮರಾಠಾ ಲೈಟ್ ಇನ್‌ಫೆಂಟ್ರಿಯವರ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇದೆ. ಹೆಸರು ಮರಾಠಾ ಆದರೂ ಕನ್ನಡ ಮನೆಯ ಹುಡುಗರು ಆ ಪಲ್ಟನ್ನುಗಳಲ್ಲಿ ಬೇಕಾದಷ್ಟು ಇದ್ದಾರೆ. ಮದ್ರಾಸ್ ಇಂಜಿನಿಯರ್ಸ್ ಆದರೆ ಬೆಂಗಳೂರಿಗೆ ಬರೆಯಬೇಕು. ನಾಯಬ್ ಸುಬೇದಾರ್ ಆದವರಿಗೆ ಜೆಸಿ ಎಂದು ಶುರುವಾಗುವ ಹೊಸ ನಂಬರು ಬರುತ್ತದೆ, ಹಾಗಾಗಿ ಒಬ್ಬರಿಗೇ ಎರಡು ನಂಬರು ಕಂಡರೆ ಗಾಬರಿಯಾಗಬೇಡಿ.

ಹುಟ್ಟಿದ ತಾರೀಖು ಜೂನ್ 1 ಅಂತಿದ್ದರೆ ಅದು ಸಾಲಿಗೆ ಹಚ್ಚುವಾಗ ಮಾಸ್ತರರು ಹಾಕಿದ್ದು ಅಂತಲೇ ತಿಳಿಯಿರಿ. ನಿಜವಾದ ವಯಸ್ಸು ಬೇಕಿದ್ದರೆ ವಾರಿಗೆಯವರನ್ನು ಕೇಳಿ. ಗೋವಾಕ್ಕೆ ಸೈನ್ಯ ಹೋದ 1961ರ ಡಿಸೆಂಬರ್, ಕೊಯ್ನಾ ಭೂಕಂಪದ 1967, ದೊಡ್ಡ ಬರದ 1972, ಇವುಗಳ ಹಿಂದೆ ಮುಂದೆ ಅಂತ ಹೇಳುತ್ತಾರೆ. ವಿಳಾಸವೂ ಹಾಗೆಯೇ ಗೊಂದಲ. 1956ರ ನವೆಂಬರ್ 1ಕ್ಕೆ ಮೊದಲು ಭರ್ತಿಯಾದ ನಮ್ಮ ಸೀಮೆಯವರ ಕಾಗದದಲ್ಲಿ ಮುಂಬಯಿ ರಾಜ್ಯ ಎಂದಿರುತ್ತದೆ. ಬಾಗಲಕೋಟೆಯವರದು 1997ರವರೆಗೆ ವಿಜಾಪುರ ಜಿಲ್ಲೆ. ಕೆಲವು ಊರುಗಳಂತೂ ಆಲಮಟ್ಟಿ, ಹಿಡಕಲ್ ಡ್ಯಾಮಿನ ನೀರಿನಡಿ ಹೋಗಿವೆ. ಹಳೇ ಊರು, ಈಗಿನ ಊರು ಎರಡನ್ನೂ ಬರೆಯಿರಿ.

ಪದಕಗಳ ವಿಷಯದಲ್ಲಿ ಫ್ಲೆಕ್ಸಿನವರು ಮಾಡುವ ತಪ್ಪು ಒಂದೇ. ಎಪ್ಪತ್ತೊಂದರ ಪದಕ ಕಂಡರೆ ಸಾಕು, ‘ಪಾಕ್ ಯುದ್ಧದಲ್ಲಿ ಹೋರಾಡಿದ ವೀರ’ ಅಂತ ಹಾಕಿಬಿಡುತ್ತಾರೆ. ಸಂಗ್ರಾಮ್ ಪದಕ ಆ ಕಾಲದಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಕೊಟ್ಟದ್ದು. ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು. 1965ಕ್ಕೂ ಇದೇ ಲೆಕ್ಕ: ರಕ್ಷಾ ಪದಕ ವ್ಯಾಪಕವಾಗಿ ಸಿಕ್ಕಿದ್ದು, ಸಮರ ಸೇವಾ ಸ್ಟಾರ್ ಯುದ್ಧಭೂಮಿಯವರಿಗೆ. ಪದಕದ ಅಂಚನ್ನು ಭೂತಕನ್ನಡಿಯಲ್ಲಿ ನೋಡಿ, ನಂಬರು ಹೆಸರು ಕೆತ್ತಿರುತ್ತದೆ. ಅಣ್ಣತಮ್ಮಂದಿರಿಬ್ಬರೂ ಸೇನೆಯಲ್ಲಿದ್ದ ಮನೆಯಲ್ಲಿ ಪದಕ ಅದಲುಬದಲಾಗುವುದುಂಟು. ತಿಕ್ಕಿ ತೊಳೆಯಬೇಡಿ, ಆ ಅಕ್ಷರವೇ ಸವೆಯುತ್ತದೆ.

ಈಗ ಎರಡನೇ ಪಾಲು. ಪೆನ್ಶನ್ ಬಂದಾಗ ವಯಸ್ಸು ಸುಮಾರು ಮೂವತ್ತೈದರಿಂದ ನಲವತ್ತು, ಮಕ್ಕಳು ಇನ್ನೂ ಸಾಲಿಯಲ್ಲಿ. ಕೆಲವರು ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರಿ ಮತ್ತೆ ಯೂನಿಫಾರ್ಮ್ ಹಾಕುತ್ತಾರೆ, ಆಗ ಎರಡನೇ ಡಿಸ್ಚಾರ್ಜ್ ಬುಕ್ಕೂ ಇರುತ್ತದೆ. ಕೆಲವರು ಬ್ಯಾಂಕಿನ ಗನ್‌ಮ್ಯಾನ್, ಕೆಲವರು ಬೆಳಗಾವಿ ಉದ್ಯಮಬಾಗದ ಫೌಂಡ್ರಿ. ನಮ್ಮ ಸೀಮೆಯಲ್ಲಿ ಬಹಳ ಮಂದಿಯ ಪಾಲಿಗೆ ಬಂದದ್ದು ಸಕ್ಕರೆ ಕಾರ್ಖಾನೆಯ ಗೇಟು. ಅವರು ಕಾಯಂ ಇದ್ದರೋ ಹಂಗಾಮಿಯೋ, ಪಿಎಫ್ ಚೀಟಿ ನೋಡಿ ತಿಳಿದುಕೊಳ್ಳಿ. ಹಂಗಾಮಿಯಾದರೆ ಕಬ್ಬು ನುರಿಸುವ ನಾಲ್ಕೈದು ತಿಂಗಳು ಕಾರ್ಖಾನೆ, ಉಳಿದದ್ದು ಹೊಲ. ಹಲವು ಕಾರ್ಖಾನೆಗಳಲ್ಲಿ ಪಾಳಿ ಬೆಳಗಿನ ನಾಲ್ಕಕ್ಕೆ ಬದಲಾಗುತ್ತದೆ, ಅಂದರೆ ಮನೆ ಬಿಡುವುದು ಮೂರಕ್ಕೆ. ಗೇಟಿನ ಕೆಲಸ ಅಂದರೆ ಕುರ್ಚಿಯ ಮೇಲೆ ಕೂರುವುದಲ್ಲ. ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಕಡಿದ ಕಬ್ಬು ಒಣಗಿದಷ್ಟೂ ಕಾಟಾದಲ್ಲಿ ತೂಕ ಇಳಿಯುತ್ತದೆ, ಆ ನಷ್ಟ ರೈತನದು. ಅದಕ್ಕೇ ಯಾರಾದರೂ ಸಾಲು ಮುರಿದು ಮುಂದೆ ನುಗ್ಗಿದರೆ ನಡುರಾತ್ರಿ ಕೈಕೈ ಹತ್ತುತ್ತದೆ. ಟೋಕನ್ ನಂಬರು ಕೂಗಿ, ಎರಡೂ ಕಡೆಯವರ ಬೈಗುಳ ತಿಂದು ಸಾಲು ಕಾಯುವವರು ಈ ಅಜ್ಜಂದಿರೇ. ನನ್ನ ಕೇಳಿದರೆ ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಬೇಕು.

ಹೊಲದ ಕಥೆಗೆ ಉತಾರ, ಅಂದರೆ ಪಹಣಿ, ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ಬೋಜಾ, 12ರಲ್ಲಿ ಬೆಳೆ. ಹಳೆಯ ಕೈಬರಹದ ಉತಾರಗಳನ್ನು ವರ್ಷವಾರು ಜೋಡಿಸಿಟ್ಟರೆ ಜೋಳ ಹೋಗಿ ಕಬ್ಬು ಬಂದದ್ದು, ಬಾವಿಗೋ ಪೈಪ್‌ಲೈನಿಗೋ ಸಾಲ ಏರಿದ್ದು, ಅದು ತೀರಿದ್ದು ಕಣ್ಣಿಗೆ ಕಾಣುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಸಂಗತಿಗಳು ಇವು.

ಮೊಮ್ಮಕ್ಕಳನ್ನು ಕೇಳುವಾಗ ‘ಅಜ್ಜ ಹೇಗಿದ್ದರು’ ಅಂತ ಕೇಳಬೇಡಿ, ‘ಬಹಳ ಒಳ್ಳೆಯವರು’ ಅಂತ ಉತ್ತರ ಬರುತ್ತದೆ. ‘ಬೆಳಗಿನ ಐದಕ್ಕೆ ಏನು ಮಾಡಿಸುತ್ತಿದ್ದರು’ ಅಂತ ಕೇಳಿ. ಭರ್ತಿ ರ‍್ಯಾಲಿಯಲ್ಲಿ 1,600 ಮೀಟರ್ ಓಟಕ್ಕೆ ಪೂರ್ತಿ ಅಂಕ ಬೇಕಾದರೆ ಐದೂವರೆ ನಿಮಿಷ, ಬೀಮ್ (ಕಂಬಿ ಹಿಡಿದು ಮೈ ಎತ್ತುವುದು) ಹತ್ತು, ಒಂಬತ್ತು ಅಡಿ ಗುಂಡಿ ಹಾರಬೇಕು. ಹುಡುಗರು ಕೆಡುವುದು ಮೊದಲ ಸುತ್ತಿನಲ್ಲಿ. ಗುಂಪಿನ ಹುರುಪಿಗೆ 400 ಮೀಟರನ್ನು ಎಪ್ಪತ್ತು ಸೆಕೆಂಡಿಗೆ ಓಡಿ ಮೂರನೇ ಸುತ್ತಿಗೆ ಕಾಲು ಸೋಲುತ್ತವೆ. ಬೇಕಾದದ್ದು ಸುತ್ತಿಗೆ ಎಂಬತ್ತೆರಡು ಸೆಕೆಂಡು, ನಾಲ್ಕೂ ಸುತ್ತು ಒಂದೇ ಸಮ. ಕೈಗಡಿಯಾರ ಹಿಡಿದು ಕಬ್ಬಿನ ಗದ್ದೆಯ ದಾರಿಯಲ್ಲಿ ನಿಂತು ಅದನ್ನು ಕಲಿಸುವ ಅಜ್ಜಂದಿರಿದ್ದಾರೆ. ನಿಮ್ಮ ಗೆಳೆಯನ ಅಜ್ಜ ಅಂಥವರಾಗಿದ್ದರೆ ಹುಡುಗರ ಬಾಯಿಂದ ಲೆಕ್ಕ ಸಮೇತ ಬರುತ್ತದೆ. ಭರ್ತಿಯಾಗದೆ ಉಳಿದ ಮೊಮ್ಮಗನನ್ನೂ ಕೇಳಿ.

ಅಂತ್ಯಕ್ರಿಯೆ ಬಗ್ಗೆ ಚಿಕ್ಕದಾಗಿ ಬರೆದರೆ ಸಾಕು. ಲಿಂಗಾಯತರಲ್ಲಿ ವಿಭೂತಿ ಹಚ್ಚಿ ಕೂರಿಸಿ ಮಣ್ಣು ಮಾಡುತ್ತಾರೆ. ಮರಾಠರಲ್ಲಿ ದಹನ, ಆಮೇಲೆ ರಕ್ಷಾ ವಿಸರ್ಜನ. ಮಾಜಿ ಸೈನಿಕರ ಸಂಘದವರು ಹೂವಿನ ಚಕ್ರ ಇಟ್ಟು ಸೆಲ್ಯೂಟ್ ಹೊಡೆಯುತ್ತಾರೆ. ಧ್ವಜ ಹೊದಿಸಿದರು ಅಂತ ಯಾರಾದರೂ ಹೇಳಿದರೆ ಖಾತ್ರಿ ಮಾಡಿಕೊಳ್ಳಿ. ಸರ್ಕಾರಿ, ಸೈನಿಕ ಅಥವಾ ಕೇಂದ್ರ ಅರೆಸೇನಾ ಪಡೆಗಳ ಗೌರವದ ಅಂತ್ಯಕ್ರಿಯೆ ಬಿಟ್ಟರೆ ತ್ರಿವರ್ಣ ಹೊದಿಸುವಂತಿಲ್ಲ. ಹೊದಿಸಿದಾಗಲೂ ಕೇಸರಿ ತಲೆಯ ಕಡೆಗೆ ಇರಬೇಕು, ಕುಣಿಗೋ ಚಿತೆಗೋ ಇಡುವ ಮುಂಚೆ ತೆಗೆಯಬೇಕು.

ಕೊನೆಗೆ ಅಜ್ಜಿ. ಗಡಿಭಾಗದ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಹೆಸರು ಬದಲಿಸುತ್ತಾರೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಸ್ಪೆಲ್ಲಿಂಗು ಮರಾಠಿ ಪ್ರಕಾರ ಒಂದು ಕಡೆ, ಕನ್ನಡದ ಪ್ರಕಾರ ಇನ್ನೊಂದು ಕಡೆ. ಕುಟುಂಬ ಪಿಂಚಣಿಗೆ ಎಷ್ಟೋ ಸಲ ಅಡ್ಡಗಾಲಾಗುವುದು ಇದೇ. ಪಿಪಿಒದಲ್ಲಿ (ಪಿಂಚಣಿ ಮಂಜೂರಾತಿ ಪತ್ರದಲ್ಲಿ) ಯಾವ ಹೆಸರಿದೆ ನೋಡಿ, ವ್ಯತ್ಯಾಸವಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಮನೆಯವರನ್ನು ಕಳಿಸಿ, ನಿಮ್ಮ ಬರಹದಲ್ಲಿ ಎರಡೂ ಹೆಸರು ಹಾಕಿ. ಪ್ರಿಂಟಿಗೆ ಕೊಡುವ ಮುಂಚೆ ಅಜ್ಜಿಗೆ ಒಮ್ಮೆ ಪೂರ್ತಿ ಓದಿ ಹೇಳಿ. ಅಜ್ಜ ಯಾವ ವರ್ಷ ಯಾವ ಪೋಸ್ಟಿಂಗಿನಲ್ಲಿದ್ದರು ಅನ್ನುವುದನ್ನು ಅವರು ಮಕ್ಕಳು ಹುಟ್ಟಿದ ಲೆಕ್ಕದ ಮೇಲೆ ಹೇಳುತ್ತಾರೆ, ಬುಕ್ಕಿನಲ್ಲಿ ಶಾಯಿ ಅಳಿಸಿದ ಕಡೆ ಅದೇ ಆಧಾರ.