ಮಕ್ಕಳ ಅಪ್ಪನಿಗೆ ಹಬ್ಬದ ಉಡುಗೊರೆ: ಆರಿಸುವವರು ಯಾರು?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ವಿಚ್ಛೇದನವಾಗಿ ಎರಡು ವರ್ಷವಾಯಿತು. ಮಗನಿಗೆ 11, ಮಗಳಿಗೆ 5. ಇಬ್ಬರೂ ನನ್ನ ಜೊತೆಗಿದ್ದಾರೆ. ಈ ಸಲ ಹಬ್ಬದ ರಜೆಯಲ್ಲಿ ಅರ್ಧ ದಿನಗಳನ್ನು ಮಕ್ಕಳ ಅಪ್ಪನ ಮನೆಯಲ್ಲಿ ಕಳೆಯಲಿದ್ದಾರೆ. ಮೊನ್ನೆ ಮಗಳು ‘ಅಪ್ಪಂಗೆ ಏನು ಗಿಫ್ಟ್ ತಗೊಂಡು ಹೋಗೋದಮ್ಮಾ?’ ಅಂದಳು. ನನಗೆ ಬಾಯೇ ಬರಲಿಲ್ಲ. ಮಗ ‘ನಾನಂತೂ ಏನೂ ಕೊಡಲ್ಲ’ ಅಂತ ಎದ್ದು ಹೋದ. ‘ಅಷ್ಟು ನೋವು ಕೊಟ್ಟವನಿಗೆ ನಿನ್ನ ದುಡ್ಡಲ್ಲಿ ಉಡುಗೊರೆ ಬೇರೆ ಕೇಡು’ ಅನ್ನುತ್ತಾರೆ ನನ್ನ ಅಮ್ಮ. ಹೋದ ವರ್ಷ ಆ ಮನುಷ್ಯ ಮಕ್ಕಳ ಕೈಲಿ ನನಗೊಂದು ಹೂವನ್ನೂ ಕಳಿಸಲಿಲ್ಲ. ಈಗ ನಾನು ಕೊಡಿಸಿದರೆ, ಮತ್ತೆ ಹತ್ತಿರವಾಗಲು ನೋಡುತ್ತಿದ್ದೇನೆ ಅಂದುಕೊಂಡಾರೇನೋ ಎಂಬ ಅಳುಕೂ ಇದೆ. ಕೊಡಿಸಬೇಕೆ? ಕೊಡಿಸುವುದಾದರೆ ಏನು, ಎಷ್ಟರದು, ಯಾರ ಹೆಸರಲ್ಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಅವರನ್ನು ಒಂದು ಕಡೆ ‘ಮಕ್ಕಳ ಅಪ್ಪ’ ಎಂದು ಬರೆದಿದ್ದೀರಿ, ಇನ್ನೊಂದು ಕಡೆ ‘ಆ ಮನುಷ್ಯ’ ಎಂದು. ಎರಡೂ ನಿಜ. ನಿಮ್ಮ ಪಾಲಿಗೆ ಅವರು ನೋವು ಕೊಟ್ಟ ಮನುಷ್ಯ, ಅದನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಮಗಳು ಕೇಳಿದ್ದು ಅಪ್ಪನ ವಿಷಯ. ಈ ಉಡುಗೊರೆ ಹೋಗುವುದು ಅಪ್ಪನಿಗೆ. ಇದೊಂದು ತಿಳಿಯಾದರೆ ಏನು, ಎಷ್ಟು, ಯಾರ ಹೆಸರಲ್ಲಿ ಎಂಬ ಮೂರೂ ಪ್ರಶ್ನೆಗಳ ಗಂಟು ತಾನಾಗಿಯೇ ಸಡಿಲವಾಗುತ್ತದೆ.

ಹೌದು, ಕೊಡಿಸಿ. ಐದು ವರ್ಷದ ಮಗು ಅಂಗಡಿಗೆ ತಾನೇ ಹೋಗಲಾರದು, ಹಣ ಎಣಿಸಲಾರದು, ಕಾಗದ ಸುತ್ತಲಾರದು. ಯಾರಾದರೂ ದೊಡ್ಡವರು ಕೈ ಜೋಡಿಸದಿದ್ದರೆ ಆಸೆ ಮನಸ್ಸಿನಲ್ಲೇ ಉಳಿಯುತ್ತದೆ. ಹಾಗೆ ಉಳಿದ ಆಸೆಯನ್ನು ಮಗು ಬಹಳ ಬೇಗ ಒಂದು ನಿಯಮ ಮಾಡಿಕೊಳ್ಳುತ್ತದೆ: ಈ ಮನೆಯಲ್ಲಿ ಅಪ್ಪನ ಮೇಲಿನ ಪ್ರೀತಿಯನ್ನು ತೋರಿಸಬಾರದು. ಆಮೇಲೆ ಅದು ಕೇಳುವುದನ್ನೇ ಬಿಡುತ್ತದೆ. ನಿಮ್ಮ ಮಗಳು ಇನ್ನೂ ಕೇಳುತ್ತಿದ್ದಾಳೆ, ಅದೂ ನಿಮ್ಮನ್ನೇ. ಅಷ್ಟರ ಮಟ್ಟಿಗೆ ನೀವು ಅವಳಲ್ಲಿ ಧೈರ್ಯ ಉಳಿಸಿದ್ದೀರಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮಗೆಲ್ಲ ಗೊತ್ತು. ಜಗಳ ಮುಗಿದು, ಕಾಗದಕ್ಕೆ ರುಜು ಬಿದ್ದ ಮೇಲೂ ಕೂಸು ಬಡವಾಗುತ್ತಲೇ ಇರುವ ಮನೆಗಳನ್ನು ನಾನು ನೋಡಿದ್ದೇನೆ. ಸಂಶೋಧನೆಯೂ ಬೆರಳು ತೋರಿಸುವುದು ಇತ್ತಲೇ. ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ ಎಂಬ ಇಬ್ಬರು 1991ರಲ್ಲಿ ವಿಚ್ಛೇದನ ಮತ್ತು ಮಕ್ಕಳ ಬಗ್ಗೆ ಆಗಿದ್ದ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಪ್ಪ ಅಥವಾ ಅಮ್ಮ ಜೊತೆಗಿಲ್ಲದಿರುವುದು, ಹಣದ ಮುಗ್ಗಟ್ಟು ಇವೆಲ್ಲ ಮಕ್ಕಳನ್ನು ತಟ್ಟುತ್ತವೆ. ಆದರೆ ಮಕ್ಕಳು ನಲುಗುವುದಕ್ಕೆ ಹೆಚ್ಚು ಬಲವಾದ ಕಾರಣವಾಗಿ ಕಂಡದ್ದು ಹೆತ್ತವರ ನಡುವಿನ ಕಲಹ. ಒಂದು ಪುಟ್ಟ ಹಬ್ಬದ ಪೊಟ್ಟಣ ಈ ಕಲಹವನ್ನು ಅಳಿಸಲಾರದು, ನಿಜ. ಆದರೆ ವರ್ಷದಲ್ಲಿ ಒಂದು ದಿನ ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಖುಷಿಯಾಗಿ, ಕೈಯಲ್ಲಿ ಏನನ್ನೋ ಹಿಡಿದುಕೊಂಡು ನಡೆದುಹೋಗಬಹುದು. ನಾನು ಅದನ್ನು ಸಣ್ಣದೆಂದು ಎಣಿಸುವುದಿಲ್ಲ.

ಇನ್ನು ಏನು ಕೊಡುವುದು. ಇಲ್ಲಿ ಹೆಚ್ಚಿನ ತಾಯಂದಿರು, ತಂದೆಯರೂ, ಒಳ್ಳೆಯ ಮನಸ್ಸಿನಿಂದಲೇ ತಪ್ಪುತ್ತಾರೆ. ಅವರ ಅಂಗಿಯ ಅಳತೆ ನಿಮಗೆ ಗೊತ್ತು. ಯಾವ ಸುಗಂಧ ಇಷ್ಟ, ಯಾವ ಬಣ್ಣ ಹಿಡಿಸುವುದಿಲ್ಲ ಎಂಬುದೂ ಗೊತ್ತು. ಆ ತಿಳಿವಳಿಕೆ ಹೆಂಡತಿಯಾಗಿದ್ದಾಗ ಬಂದದ್ದು. ಅದನ್ನು ಬಳಸಿ ಆರಿಸಿದ ವಸ್ತು ಮಕ್ಕಳ ಹೆಸರಿನಲ್ಲಿ ಹೋದರೂ ಅದರ ಮೇಲೆ ನಿಮ್ಮ ಕೈ ಕಾಣಿಸುತ್ತದೆ. ನಿಮಗಿರುವ ಆ ಅಳುಕು, ‘ಹತ್ತಿರವಾಗಲು ನೋಡುತ್ತಿದ್ದೇನೆ ಅಂದುಕೊಂಡಾರೇನೋ’ ಎಂಬುದು, ನಿಜವಾಗುವುದು ಇಂಥ ಉಡುಗೊರೆಯಿಂದ. ಬಟ್ಟೆ, ಸುಗಂಧ, ಒಡವೆ, ನೀವೂ ಇರುವ ಹಳೆಯ ಫೋಟೊ, ಇವಿಷ್ಟನ್ನು ಪಟ್ಟಿಯಿಂದ ತೆಗೆದುಬಿಡಿ.

ಬದಲಿಗೆ ಮಕ್ಕಳನ್ನೇ ಕೇಳಿ. ‘ಅಪ್ಪನ ಮನೆಯಲ್ಲಿ ನೀವೆಲ್ಲ ಸೇರಿ ಏನೇನು ಮಾಡ್ತೀರಿ?’ ಎಂದು ಶುರುಮಾಡಿದರೆ ಸಾಕು. ‘ಅಪ್ಪಂಗೆ ಏನು ಇಷ್ಟ?’ ಎಂದು ಕೇಳಿದರೆ ಮಗಳು ಹೇಳುವ ಉತ್ತರ ನಿಮಗೆ ತಪ್ಪೆನಿಸಬಹುದು. ಅದನ್ನು ತಿದ್ದಬೇಡಿ. ಇನ್ನೊಬ್ಬರ ಇಷ್ಟ ತನ್ನ ಇಷ್ಟಕ್ಕಿಂತ ಬೇರೆ ಎಂಬ ಅರಿವು ಮಕ್ಕಳಲ್ಲಿ ನಾವು ಊಹಿಸುವುದಕ್ಕಿಂತ ಮುಂಚೆಯೇ ಮೊಳೆಯುತ್ತದೆ. ಬೆಟ್ಟಿ ರೆಪಾಚೊಲಿ ಮತ್ತು ಆಲಿಸನ್ ಗೋಪ್ನಿಕ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಪುಟಾಣಿಗಳ ಮುಂದೆ ಬಿಸ್ಕತ್ತು ಮತ್ತು ಹಸಿ ಬ್ರೊಕೊಲಿ ಇಟ್ಟಿದ್ದರು. ಎದುರಿಗಿದ್ದ ದೊಡ್ಡವರು ಬ್ರೊಕೊಲಿ ತಿಂದು ಖುಷಿಪಟ್ಟು, ಬಿಸ್ಕತ್ತಿಗೆ ಮುಖ ಸಿಂಡರಿಸಿ, ಆಮೇಲೆ ಕೈ ಚಾಚಿದರು. 14 ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟವು. 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟವು. ಹಾಗಿದ್ದ ಮೇಲೆ, ನಿಮ್ಮ ಐದು ವರ್ಷದ ಮಗಳು ‘ಅಪ್ಪಂಗೆ ಹೊಳೆಯೋ ಸ್ಟಿಕ್ಕರ್ ಬೇಕು’ ಅಂದರೆ ಅದು ಅವಳ ಇಷ್ಟವೂ ಇರಬಹುದು, ಹೋದ ಸಲ ಅವಳ ಸ್ಟಿಕ್ಕರನ್ನು ಅಪ್ಪ ಹಣೆಗೆ ಅಂಟಿಸಿಕೊಂಡು ನಕ್ಕದ್ದೂ ಇರಬಹುದು. ಆ ಮನೆಯೊಳಗೆ ನಡೆಯುವುದು ನಿಮಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ. ಸ್ಟಿಕ್ಕರ್ ಅಂದರೆ ಸ್ಟಿಕ್ಕರೇ ಇರಲಿ.

ಏನೂ ಹೊಳೆಯದಿದ್ದರೆ, ಮಕ್ಕಳು ಮತ್ತು ಅಪ್ಪ ಸೇರಿ ಬಳಸಬಹುದಾದ್ದು ನನ್ನ ಅನುಭವದಲ್ಲಿ ಚೆನ್ನಾಗಿ ಒದಗುತ್ತದೆ: ಚೂರು ಜೋಡಿಸುವ ಚಿತ್ರ, ಮಲಗುವ ಮುಂಚೆ ಒಟ್ಟಿಗೆ ಓದಬಹುದಾದ ಕಥೆಪುಸ್ತಕ, ಮಗಳು ಬಣ್ಣ ಬಳಿದ ಲೋಟ, ಮಕ್ಕಳಿಬ್ಬರೇ ಇರುವ ಒಂದು ಫೋಟೊಗೆ ಮಗಳೇ ಅಂಚು ಕತ್ತರಿಸಿ ಮಾಡಿದ ಚೌಕಟ್ಟು. ಸಾಕುಪ್ರಾಣಿಯಂತೂ ಬೇಡವೇ ಬೇಡ, ಅದರ ಆರೈಕೆಯ ಹೊರೆಯನ್ನು ಕೇಳದೆ ಇನ್ನೊಬ್ಬರ ಮನೆಗೆ ಹೊರಿಸಿದಂತಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಏಳು ವರ್ಷದ ಹುಡುಗನೊಬ್ಬ ನನ್ನ ಬಳಿ ಬರುತ್ತಿದ್ದ. ಅವನನ್ನು ಕರೆದೊಯ್ಯಲು ಅಪ್ಪ ಪ್ರತಿ ಸಲ ತಡವಾಗಿ ಬರುತ್ತಿದ್ದರು. ಅಮ್ಮ ರೋಸಿಹೋಗಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. ಹಬ್ಬಕ್ಕೆ ಮಗನ ಹೆಸರಿನಲ್ಲಿ ಒಂದು ಅಲಾರಾಂ ಗಡಿಯಾರ ಕೊಂಡು, ಚಂದದ ಕಾಗದ ಸುತ್ತಿ ಕಳಿಸಿದರು. ಹುಡುಗ ಕುಣಿಯುತ್ತಾ ಕೊಟ್ಟ. ಬಿಚ್ಚಿದಾಗ ಅಪ್ಪನ ಮುಖ ಬದಲಾದದ್ದನ್ನು ಅವನೇ ಕಂಡ. ನನ್ನ ಹತ್ತಿರ ಬಂದು ಅವನು ಕೇಳಿದ್ದು ಇಷ್ಟು: ‘ನಾನು ಕೊಟ್ಟಿದ್ದು ಕೆಟ್ಟದ್ದಾ ಆಂಟಿ?’ ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ತಡವಾಗಿ ಬರುವುದರ ಬಗ್ಗೆ, ಜೀವನಾಂಶದ ಬಗ್ಗೆ, ಕುಡಿತದ ಬಗ್ಗೆ ಹೇಳಬೇಕಾದದ್ದನ್ನು ದೊಡ್ಡವರು ದೊಡ್ಡವರಿಗೇ ನೇರವಾಗಿ ಹೇಳಬೇಕು. ಮಗುವಿನ ಕೈಲಿ ಕಳಿಸುವ ಪೊಟ್ಟಣದೊಳಗೆ ಅದನ್ನು ಇಡಬಾರದು. ಭೇಟಿಯ ದಿನಗಳಿಗೆ ಗುರುತು ಹಾಕಿದ ಕ್ಯಾಲೆಂಡರ್, ಒಳ್ಳೆಯ ತಂದೆಯಾಗುವುದು ಹೇಗೆಂಬ ಪುಸ್ತಕ, ಇವೆಲ್ಲ ಅದೇ ಜಾತಿಯವು. ಆರಿಸಿದ ಮೇಲೆ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಬಿಚ್ಚುವಾಗ ಅವರಿಗೆ ನೆನಪಾಗುವುದು ಮಗಳೋ, ನಾನೋ? ನಿಮ್ಮ ನೆನಪಾಗುವುದಾದರೆ ಬೇರೆಯದನ್ನು ನೋಡಿ.

ಎಷ್ಟರದು? ಮಕ್ಕಳು ಅಜ್ಜಿಗೋ ಗೆಳೆಯರಿಗೋ ಏನಾದರೂ ಕೊಡುವಾಗ ನೀವು ಎಷ್ಟು ಖರ್ಚು ಮಾಡುತ್ತೀರೋ ಅಷ್ಟು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಮನಸ್ಸು ಕಹಿಯಾಗದೆ ಮಾಡಬಹುದಾದಷ್ಟು. ದುಬಾರಿಯದು ಬೇಡ ಎನ್ನುವುದಕ್ಕೆ ಲೆಕ್ಕಾಚಾರವೊಂದೇ ಕಾರಣವಲ್ಲ. ಲಾರಾ ಆಕ್ನಿನ್, ಕೈಲಿ ಹ್ಯಾಮ್ಲಿನ್ ಮತ್ತು ಎಲಿಜಬೆತ್ ಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷವೂ ತುಂಬದ ಮಕ್ಕಳು ತಿಂಡಿ ಪಡೆದಾಗಿನದಕ್ಕಿಂತ ಕೊಟ್ಟಾಗ ಹೆಚ್ಚು ಖುಷಿಯಾಗಿ ಕಂಡರು. ಅದರಲ್ಲೂ ಬೇರೆಯವರು ‘ಇದನ್ನು ಕೊಡು’ ಎಂದು ಕೈಗಿತ್ತ ತಿಂಡಿಗಿಂತ, ತಮ್ಮದೇ ಬಟ್ಟಲಿನಿಂದ ತೆಗೆದು ಕೊಟ್ಟಾಗ ಮುಖ ಇನ್ನೂ ಅರಳಿತು. ನೀವು ದೊಡ್ಡ ಮೊತ್ತದ ವಸ್ತು ತಂದು ‘ಇದನ್ನು ಅಪ್ಪನಿಗೆ ಕೊಡು’ ಎಂದು ಕೈಗಿತ್ತರೆ ಮಗಳು ಬರೀ ಹೊತ್ತುಕೊಂಡು ಹೋಗುವವಳಾಗುತ್ತಾಳೆ. ಅವಳ ಹುಂಡಿಯಿಂದ ನಾಲ್ಕು ನಾಣ್ಯ, ಒಂದು ಮಧ್ಯಾಹ್ನದ ಗೀಚು, ಮೈಗೆಲ್ಲ ಅಂಟಿದ ಗೋಂದು ಇದ್ದರೆ ಉಡುಗೊರೆ ಅವಳದಾಗುತ್ತದೆ.

ಹೆಸರೂ ಅವಳದೊಂದೇ ಇರಲಿ. ಕಾರ್ಡಿನಲ್ಲಿ ಅಕ್ಷರ ತಿರುಗುಮುರುಗಾಗಿದ್ದರೆ ಇರಲಿ. ನಿಮ್ಮ ಹೆಸರು ಬೇಡ, ‘ನಿಮ್ಮ ಮಕ್ಕಳು ಮತ್ತು ಅವರ ಅಮ್ಮ’ ಎಂಬ ಒಕ್ಕಣೆಯೂ ಬೇಡ. ಪೊಟ್ಟಣವನ್ನು ಅವಳ ಚೀಲದಲ್ಲೇ ಇಡಿ. ಬಾಗಿಲಲ್ಲಿ ಬಿಡುವಾಗ ನಿಮ್ಮ ಎದುರೇ ಕೊಡಿಸಬೇಡಿ, ಅಲ್ಲಿ ಮೂರೂ ಜನಕ್ಕೆ ಮುಜುಗರ. ಮುಂಚೆಯೇ ಅವರಿಗೊಂದು ಸಾಲು ಬರೆದರೆ ಒಳ್ಳೆಯದು: ‘ಮಗಳು ನಿಮಗೆ ತಾನೇ ಒಂದು ಉಡುಗೊರೆ ಮಾಡಿದ್ದಾಳೆ, ಅವಳ ಮುಂದೆಯೇ ಬಿಚ್ಚಿ.’ ಅಷ್ಟೇ. ಈ ಒಂದು ಸಾಲು ನಿಮ್ಮ ಅಳುಕಿಗೂ ಮದ್ದು. ಕೊಟ್ಟವರು ಯಾರು ಎಂಬುದು ಅವರಿಗೆ ಸ್ಪಷ್ಟವಾಗುತ್ತದೆ.

ಮಕ್ಕಳು ಮರಳಿದ ಮೇಲೆ ‘ಅಪ್ಪ ಏನಂದ್ರು? ಇಷ್ಟ ಆಯ್ತಂತಾ?’ ಎಂದು ಕೇಳಬೇಕೆನಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ. ಹೇಳಬೇಕೆನಿಸಿದರೆ ಮಗಳೇ ಹೇಳುತ್ತಾಳೆ. ಕೊಟ್ಟ ಲೋಟ ಕಪಾಟಿನಲ್ಲಿದೆಯೋ ಮೂಲೆಯಲ್ಲಿದೆಯೋ ಎಂಬುದು ಇನ್ನು ಆ ಮನೆಯ ಸಂಗತಿ.

ಈಗ ನಿಮ್ಮ ಮಗ. ನನಗೆ ಹೆಚ್ಚು ಯೋಚನೆ ಹತ್ತಿದ್ದು ಅವನದೇ. 11 ವರ್ಷದ ಹುಡುಗ ನಿಮ್ಮ ಕಣ್ಣೀರು ಕಂಡಿದ್ದಾನೆ, ಅಜ್ಜಿಯ ಮಾತು ಕೇಳಿಸಿಕೊಂಡಿದ್ದಾನೆ. ಅವನ ‘ಕೊಡಲ್ಲ’ದಲ್ಲಿ ಅಪ್ಪನ ಮೇಲಿನ ಸಿಟ್ಟೆಷ್ಟು, ನಿಮ್ಮ ಪರ ನಿಲ್ಲಬೇಕೆಂಬ ಕಾವಲುಗಾರಿಕೆ ಎಷ್ಟು ಎಂದು ಹೊರಗಿನಿಂದ ಹೇಳಲಾಗದು. ಇಬ್ಬರ ನಡುವೆ ಸಿಕ್ಕಿಬಿದ್ದಂತೆ ಅನ್ನಿಸುವ ಹದಿಹರೆಯದವರ ಬಗ್ಗೆ ಕ್ರಿಸ್ಟಿ ಬುಕಾನನ್, ಎಲಿನಾರ್ ಮ್ಯಾಕಬಿ ಮತ್ತು ಸ್ಯಾನ್‌ಫೋರ್ಡ್ ಡಾರ್ನ್‌ಬುಶ್ 1991ರಲ್ಲಿ ಬರೆದರು. ಹೆತ್ತವರಲ್ಲಿ ಹಗೆ ಹೆಚ್ಚಿದ್ದು ಸಹಕಾರ ಕಡಿಮೆಯಿದ್ದ ಕಡೆ ಮಕ್ಕಳಿಗೆ ಹಾಗೆ ಅನ್ನಿಸುವುದು ಹೆಚ್ಚು, ಹಾಗೆ ಅನ್ನಿಸಿದವರಲ್ಲಿ ಖಿನ್ನತೆಯೂ ಹೆಚ್ಚು ಎಂಬುದು ಅವರಿಗೆ ಕಂಡದ್ದು. ಮಗನನ್ನು ಬಲವಂತ ಮಾಡಬೇಡಿ, ಮೆಚ್ಚಿಕೊಳ್ಳಲೂಬೇಡಿ. ಅವನ ನಿರಾಕರಣೆಗೆ ನಿಮ್ಮ ಕಣ್ಣಲ್ಲಿ ಒಂದು ಸಣ್ಣ ಸಮಾಧಾನ ಕಂಡರೂ ಅವನು ಅದನ್ನು ಹಿಡಿದುಬಿಡುತ್ತಾನೆ. ಯಾವುದೋ ಕೆಲಸ ಮಾಡುತ್ತಾ, ಒಂದೇ ಒಂದು ಸಲ ಹೇಳಿ: ‘ನೀನು ಅಪ್ಪಂಗೆ ಏನಾದ್ರೂ ಕೊಟ್ಟರೆ ನಂಗೆ ಬೇಜಾರಾಗಲ್ಲ ಕಣೋ. ಕೊಡದಿದ್ರೂ ಪರವಾಗಿಲ್ಲ.’ ಆಮೇಲೆ ಆ ವಿಷಯ ಬಿಟ್ಟುಬಿಡಿ. ಅವನ ಪಾಲಿನ ದುಡ್ಡು ಎತ್ತಿಟ್ಟಿರಿ, ಹೊರಡುವ ಹಿಂದಿನ ರಾತ್ರಿ ಕೇಳಿದರೂ ಕೊಡುವ ಹಾಗೆ. ಮಗಳ ಕಾರ್ಡಿಗೆ ಅವನ ಹೆಸರನ್ನು ನೀವು ಸೇರಿಸಬೇಡಿ, ಅವನ ಮೌನಕ್ಕೂ ಬೆಲೆಯಿದೆ.

ನಿಮ್ಮ ಅಮ್ಮನಿಗೆ ಮಕ್ಕಳಿಲ್ಲದ ಹೊತ್ತು ನೋಡಿ ಹೇಳಿ: ಇದು ಮೊಮ್ಮಗಳ ಉಡುಗೊರೆ, ನಿಮ್ಮ ಮಗಳದ್ದಲ್ಲ. ಅವರ ಸಿಟ್ಟು ನಿಮ್ಮ ಮೇಲಿನ ಮಮತೆಯಿಂದಲೇ ಬಂದದ್ದು, ಆದರೆ ಮಕ್ಕಳ ಕಿವಿಗೆ ಬೀಳಬೇಕಿಲ್ಲ.

ಹೋದ ವರ್ಷ ನಿಮಗೆ ಹೂವೂ ಬರಲಿಲ್ಲ ಎಂದು ಬರೆದಿರಿ. ಆ ಸಾಲಿನಲ್ಲಿ ನೋವಿದೆ. ಅವರು ಕಳಿಸುವಂತೆ ನಾವು ಮಾಡಲಾಗದು. ಆದರೆ ಮಕ್ಕಳಿಗೆ ನಿಮಗೂ ಕೊಡುವ ಆಸೆ ಇದ್ದೇ ಇರುತ್ತದೆ. ನಿಮ್ಮ ತಂಗಿಗೋ ಗೆಳತಿಗೋ ಹೇಳಿ, ಒಂದು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಅಮ್ಮನಿಗೆ ಏನಾದರೂ ಮಾಡಿಸಲಿ. ಹೀಗೆ ಕೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇದನ್ನು ಓದುವ ಇತರರಿಗೆ ಒಂದು ಮಾತು. ವಿಚ್ಛೇದನದ ಹಿಂದೆ ಹಿಂಸೆ ಇದ್ದು, ಸಂಪರ್ಕ ಕೂಡದೆಂಬ ನ್ಯಾಯಾಲಯದ ಆದೇಶವಿದ್ದರೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಉಡುಗೊರೆ, ಕಾರ್ಡು ಯಾವುದನ್ನೂ ಕಳಿಸಬೇಡಿ. ಮಗು ಚಿತ್ರ ಬರೆದರೆ ಬರೆಯಲಿ, ದಿನಾಂಕ ಹಾಕಿ ಒಂದು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ.

ಪ್ರಶ್ನೆ: 14 ವರ್ಷದ ಮಗಳು ನನ್ನ ಜೊತೆಗಿದ್ದಾಳೆ. ಅವಳ ಅಮ್ಮ ಮರುಮದುವೆಯಾಗಿದ್ದಾರೆ. ಹಬ್ಬಕ್ಕೆ ಅಮ್ಮನಿಗಷ್ಟೇ ಅಲ್ಲ, ಅವರ ಈಗಿನ ಪತಿಗೂ ಏನಾದರೂ ಕೊಳ್ಳಬೇಕು ಅನ್ನುತ್ತಾಳೆ. ಅಮ್ಮನಿಗೆ ಸರಿ. ಅವರಿಗೂ ಅಂದಾಗ ತಡೆಯಲಾಗಲಿಲ್ಲ, ‘ಅವರು ನಿನಗೇನಾಗಬೇಕು?’ ಎಂದು ಕೇಳಿಬಿಟ್ಟೆ. ಅವಳು ಎರಡು ದಿನ ಮಾತಾಡಲಿಲ್ಲ.

ಉತ್ತರ: ನಿಮ್ಮ ಪ್ರಶ್ನೆಗೆ ಅವಳ ಬಳಿ ಉತ್ತರವಿಲ್ಲ ಸರ್, ಆ ಸಂಬಂಧಕ್ಕೆ ಅವಳಿಗಿನ್ನೂ ಹೆಸರು ಸಿಕ್ಕಿಲ್ಲ. ಆ ಮನೆಗೆ ಹೋದಾಗಲೆಲ್ಲ ಅವರೂ ಅಲ್ಲಿರುತ್ತಾರೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಅವಳಿಗೆ ಸಂಕಟವಾಗಿದೆ, ಅಷ್ಟು ಸೂಕ್ಷ್ಮ ಅವಳಲ್ಲಿದೆ. ನಿಮ್ಮ ನೋವು ಸುಳ್ಳಲ್ಲ. ಅದನ್ನು ಹೇಳಿಕೊಳ್ಳಲು ಗೆಳೆಯರನ್ನೋ ಅಣ್ಣ ತಮ್ಮಂದಿರನ್ನೋ ನೋಡಿ, ಮಗಳ ಮೇಲೆ ಹೊರಿಸಬೇಡಿ. ಅಂಗಡಿಯಲ್ಲಿ ಆ ಉಡುಗೊರೆ ಆರಿಸುವಾಗ ನೀವು ಜೊತೆಗಿರಬೇಕೆಂದೂ ಇಲ್ಲ. ಹಬ್ಬಕ್ಕೆಂದು ಅವಳಿಗೊಂದು ಮೊತ್ತ ಕೊಡಿ, ಯಾರಿಗೆ ಎಷ್ಟು ಎಂಬುದನ್ನು ಅವಳೇ ಹಂಚಿಕೊಳ್ಳಲಿ. ಅದಕ್ಕೂ ಮುಂಚೆ, ಇವತ್ತೇ, ‘ಅವತ್ತು ನಾನು ಹಾಗೆ ಕೇಳಬಾರದಿತ್ತು ಮಗಳೇ’ ಎಂದು ಹೇಳಿ. ಸುತ್ತುವ ಕಾಗದ ಬೇಕೆಂದು ಅವಳಾಗಿ ಕೇಳಿದರೆ ತಂದುಕೊಡಿ.