ನೂರು ಕುರಿ ಬೇಡ ಅಕ್ಕೋರೆ, ಮೊದಲು ಹತ್ತು ಮರಿ ಕಟ್ಟಿ

ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಿಂದ ನಿವೃತ್ತ ಕನ್ನಡ ಶಾಲೆ ಶಿಕ್ಷಕಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಸಾರಾಂಶ ಇಷ್ಟು: 60 ತುಂಬಿ ನೌಕರಿಯಿಂದ ಬಿಡುಗಡೆಯಾಗಿದೆ. ಯಜಮಾನರು ಮೊದಲಿಂದ ಒಕ್ಕಲುತನ ಮಾಡಿದವರು, ಈಗ ಮೊಣಕಾಲು ನೋವು. ಐದು ಎಕರೆ ಹೊಲ, ಅದರಲ್ಲಿ ಎರಡು ಎಕರೆಗೆ ಬೋರಿನ ನೀರು. ಬೆಂಗಳೂರಲ್ಲಿರುವ ಮಗ ‘ದುಡ್ಡು ಎಫ್‌ಡಿಯಲ್ಲಿಟ್ಟು ಆರಾಮ ಇರ್ರಿ’ ಅಂತಾನೆ. ಇವರಿಗೆ ಸುಮ್ನೆ ಕೂರುವುದು ಒಗ್ಗುತ್ತಿಲ್ಲ. ನೂರು ಕುರಿ, ಐದು ಟಗರಿನ ಫಾರಂ ಮಾಡಿದರೆ ಸಬ್ಸಿಡಿ ಸಿಗುತ್ತದೆ ಎಂದು ಯಾರೋ ಹೇಳಿದ್ದಾರೆ. ನೆಲದಿಂದ ಎತ್ತರಿಸಿದ ಅಟ್ಟಣಿಗೆ ಶೆಡ್ ಕಟ್ಟುವವರೊಬ್ಬರು ಆಗಲೇ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಈ ವಯಸ್ಸಲ್ಲಿ ಶುರು ಮಾಡಬಹುದಾ, ಯಾವ ತಳಿ ತರಬೇಕು, ಕಾವಲಿಗೆ ಮುಧೋಳ ನಾಯಿ ಆಗುತ್ತದಾ ಎಂದು ಕೇಳಿದ್ದಾರೆ.

ಅಕ್ಕೋರೆ, ನಮಸ್ಕಾರ.

ಶುರು ಮಾಡಿ. ವಯಸ್ಸು ಅಡ್ಡಿಯಿಲ್ಲ. ಆದರೆ ನೂರರಿಂದ ಬೇಡ, ಆ ಕೊಟೇಶನ್ನನ್ನು ಸದ್ಯಕ್ಕೆ ಕಪಾಟಿನಲ್ಲಿಡಿ.

ಸಬ್ಸಿಡಿ ಸುಳ್ಳಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 100 ಕುರಿ, 5 ಟಗರಿನ ಘಟಕಕ್ಕೆ ಖರ್ಚಿನ ಅರ್ಧ, ಹೆಚ್ಚೆಂದರೆ 10 ಲಕ್ಷ ರೂಪಾಯಿ ಕೊಡುತ್ತಾರೆ. ಎರಡು ಕಂತಲ್ಲಿ ಬರುತ್ತದೆ. ಉಳಿದರ್ಧ ನಿಮ್ಮದು, ಇಲ್ಲವೇ ಬ್ಯಾಂಕಿನ ಸಾಲ. ನನ್ನ ತಕರಾರು ದುಡ್ಡಿನದಲ್ಲ, ಹುಲ್ಲಿನದು. ಒಂದು ಕುರಿಗೆ ದಿನಕ್ಕೆ ಮೂರು ಕಿಲೋ ಹಸಿ ಮೇವು ಅಂದರೂ ನೂರಕ್ಕೆ 300 ಕಿಲೋ ಆಯ್ತು. ಅದನ್ನು ದಿನಾ ಕೊಯ್ಯಬೇಕು, ಹೊರಬೇಕು, ಕತ್ತರಿಸಿ ಹಾಕಬೇಕು. ಮಳೆ ಇರಲಿ, ಮದುವೆ ಇರಲಿ, ಯಜಮಾನರ ಮೊಣಕಾಲು ಬಾತಿರಲಿ. ಮೇಲೆ ಒಣಮೇವು ಅರ್ಧ ಕಿಲೋದಂತೆ ಹಿಡಿದರೆ ವರ್ಷಕ್ಕೆ 18 ಟನ್ ದಾಟುತ್ತದೆ. ಅಷ್ಟು ಕಣಕಿಯ (ಒಣಗಿದ ಜೋಳದ ದಂಟಿನ) ಬಣವೆ ಒಟ್ಟಲು ನಿಮ್ಮ ಹಿತ್ತಲಲ್ಲಿ ಜಾಗ ಇದೆಯಾ? ಆಳು ಇಡ್ತೀವಿ ಅಂತೀರಿ. ಕುರಿ ಬಲ್ಲ ಆಳು ಸಿಗುವುದು ಕುರಿ ಸಿಗುವುದಕ್ಕಿಂತ ಕಷ್ಟ, ಸಿಕ್ಕವನು ಸುಗ್ಗಿಯಲ್ಲಿ ಕಬ್ಬು ಕಡಿಯೋಕೆ ಹೋಗ್ತಾನೆ. ಅವತ್ತು ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆಯುವವರು ನೀವಿಬ್ಬರೇ. ಅದಕ್ಕೇ ಹೇಳುವುದು, ಆಳಿಲ್ಲದ ದಿನ ನೀವಿಬ್ಬರೇ ಎಷ್ಟು ಕುರಿ ನಿಭಾಯಿಸಬಲ್ಲಿರೋ ಅಷ್ಟೇ ನಿಮ್ಮ ಫಾರಂ. ನನ್ನ ಪ್ರಕಾರ ಅದು ಇಪ್ಪತ್ತು, ಕೊನೆಗೆ ಇಪ್ಪತ್ತೈದು.

ಅದೂ ಮೊದಲ ವರ್ಷವೇ ಬೇಡ. ಮೊದಲು ಹತ್ತು ಗಂಡು ಮರಿ ತಂದು ಮೇಯಿಸಿ, ಮಾರಿ. ಈಲಾಟವಿಲ್ಲ, ನಡುರಾತ್ರಿ ಎದ್ದು ಬ್ಯಾಟರಿ ಹಿಡಿದು ಓಡುವುದಿಲ್ಲ. ಮೂರ್ನಾಲ್ಕು ತಿಂಗಳ ಮರಿ ಚೆನ್ನಾಗಿ ಮೇಯಿಸಿದರೆ ದಿನಕ್ಕೆ ಸುಮಾರು 100 ಗ್ರಾಂ ಬೆಳೆಯುತ್ತದೆ, ನೂರು ದಿನಕ್ಕೆ ಹತ್ತು ಕಿಲೋ. ಒಂದು ಬ್ಯಾಚು ಮಾರಿದ ಮೇಲೆ ಕೊಟ್ಟಿಗೆ ಖಾಲಿ, ಮಗನ ಮನೆಗೆ ಹೋಗಿ ಬರಬಹುದು. ಹೆಣ್ಣು ಕುರಿ ಕಟ್ಟಿದವರಿಗೆ ಆ ಭಾಗ್ಯವಿಲ್ಲ. ಒಂದೆರಡು ಬ್ಯಾಚು ಮುಗಿಯುವಷ್ಟರಲ್ಲಿ ನಿಮಗೆ ಕುರಿಯ ಮುಖ ಓದೋಕೆ ಬರುತ್ತದೆ, ಅಷ್ಟೊತ್ತಿಗೆ ಹೊಲದಲ್ಲಿ ಮೇವೂ ನಿಂತಿರುತ್ತದೆ. ಆಮೇಲೆ ಬೇಕಾದರೆ ಹೆಣ್ಣು ಕುರಿ.

ಬಕ್ರೀದ್ ನೋಡಿಕೊಂಡು ಮರಿ ಕಟ್ಟಬೇಕು ಎನ್ನುವವರಿದ್ದಾರೆ, ಮಾತು ಸರಿ. ಆದರೆ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜೂನ್ 17ಕ್ಕಿತ್ತು, 2025ರಲ್ಲಿ ಜೂನ್ 7ಕ್ಕೆ ಬಂತು. ಇನ್ನು ಕೆಲವು ವರ್ಷ ಅದು ಬಿರುಬೇಸಿಗೆಗೇ ಬೀಳುತ್ತದೆ. ಅಂದರೆ ಮೇವಿಲ್ಲದ ಕಾಲದಲ್ಲೇ ಟಗರು ಮೈತುಂಬಿಕೊಂಡಿರಬೇಕು, ಹಿಂಗಾರಿಯಲ್ಲೇ ಹೊಟ್ಟು ಕೂಡಿಟ್ಟವರಿಗೆ ಮಾತ್ರ ಅದು ಲಾಭ. ಇನ್ನೊಂದು, ಕುಂಟುವ, ಕಣ್ಣು ಹೋದ ಟಗರನ್ನು ಕುರ್ಬಾನಿಗೆ ಒಯ್ಯುವುದಿಲ್ಲ, ಕೊಂಬು ಮುರಿದಿದ್ದರೂ ರೇಟು ಬೀಳುತ್ತದೆ. ಹಾಗಾಗಿ ಗುದ್ದಾಡುವ ಟಗರುಗಳನ್ನು ಬೇರೆ ಬೇರೆ ಕಟ್ಟಿ.

ತಳಿ ಕೇಳಿದ್ದೀರಿ. ದೂರದಿಂದ ತರಬೇಡಿ. ನಿಮಗೆ ಅಮೀನಗಡ ಸಂತೆ ಹತ್ತಿರವೇ ಇದೆ, ಅಲ್ಲಿ ಬರುವ ಉದ್ದಕಾಲಿನ ಯಳಗ ನಿಮ್ಮ ಬಿಸಿಲು, ನಿಮ್ಮ ಹೊಟ್ಟಿಗೆ ಒಗ್ಗಿದ್ದು. ಕೆಂಗುರಿಯೂ ಆಗುತ್ತದೆ. ಎರಡಕ್ಕೂ ಮೈಮೇಲೆ ಉಣ್ಣೆ ಕಡಿಮೆ, ಕತ್ತರಿಸುವ ಕೆಲಸವಿಲ್ಲ. ದಖನಿ ಗಟ್ಟಿ ಕುರಿ, ಊರೂರು ತಿರುಗಿ ಮೇಯುವುದಕ್ಕೆ ಅದರಂಥದ್ದಿಲ್ಲ, ಆದರೆ ಉಣ್ಣೆ ಕತ್ತರಿಸಬೇಕು. ಕಂಬಳಿಗೆ ಬೇಡಿಕೆ ಕುಸಿದ ಮೇಲೆ ಉಣ್ಣೆ ಮಾರಿದ ದುಡ್ಡು ಕತ್ತರಿಸಿದ ಕೂಲಿಗೂ ಸಾಲದು. ಅವಳಿ ಮರಿ ಹಾಕುವ ನಾರಿ ಸುವರ್ಣದ ಬಗ್ಗೆ ಕೇಳಿರುತ್ತೀರಿ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯ ಗುಣವನ್ನು ದಖನಿಗೆ ತಂದು ಮಾಡಿದ್ದು ಅದು. ಒಳ್ಳೆಯ ಕುರಿ. ಆದರೆ ಎರಡು ಮರಿ ಅಂದರೆ ಎರಡು ಬಾಯಿ. ತಾಯಿಗೆ ಹಾಲು ಸಾಲದಿದ್ದರೆ ಬಾಟಲಿ ಹಿಡಿದು ಕೂರುವವರು ನೀವೇ. ಮೂರನೇ ವರ್ಷಕ್ಕೆ ಯೋಚಿಸಿ.

ಸಂತೆಗೆ ಹೋಗುವಾಗ ನಿಮ್ಮೂರಿನ ಕುರಿ ಕಾಯುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅವರಿಗೆ ಒಂದು ದಿನದ ಪಗಾರ ಕೊಟ್ಟರೂ ನಷ್ಟವಿಲ್ಲ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವಾಗ ಹೊಸಬರಿಗೆ ಏನೂ ತಿಳಿಯುವುದಿಲ್ಲ. ನೀವು ಎರಡು ಜಾಗ ನೋಡಿ. ಒಂದು, ಬಾಯಿ. ಕೆಳದವಡೆಯ ಮುಂದಿನ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿ ಒಂದೂವರೆ ವರ್ಷದ ಆಸುಪಾಸು. ಮುಂದಿನ ದೊಡ್ಡ ಹಲ್ಲೆಲ್ಲ ಬಂದು ಬಾಯಿಗೂಡಿದ ಕುರಿಗೆ ನಾಲ್ಕು ವರ್ಷ ಆಗಿರಬಹುದು, ಎಂಟೂ ಆಗಿರಬಹುದು, ಕೊಳ್ಳಬೇಡಿ. ಎರಡು, ಕಣ್ಣು. ಹೆಬ್ಬೆರಳಿಂದ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಸರಿ. ಬಿಳಿಚಿ ಕಾಗದದಂತಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿದೆ ಎಂದು ತಿಳಿಯಿರಿ, ಎಷ್ಟೇ ಸೋವಿ ಕೊಟ್ಟರೂ ಬಿಡಿ. ಮನೆಯಲ್ಲೂ ಹದಿನೈದು ದಿನಕ್ಕೊಮ್ಮೆ ಹೀಗೆ ನೋಡುವ ರೂಢಿ ಇಟ್ಟುಕೊಳ್ಳಿ, ಬಿಳಿಚಿದವಕ್ಕೆ ಮಾತ್ರ ಜಂತಿನ ಔಷಧಿ ಹಾಕಿಸಿದರೆ ಔಷಧಿ ಬಹಳ ಕಾಲ ಕೆಲಸ ಮಾಡುತ್ತದೆ. ಎಲ್ಲಕ್ಕೂ ಪದೇ ಪದೇ ಕುಡಿಸುತ್ತಾ ಹೋದರೆ ಜಂತು ಅದಕ್ಕೂ ಹೊಂದಿಕೊಂಡುಬಿಡುತ್ತದೆ.

ತಂದ ಮರಿಗಳನ್ನು ಮೂರು ವಾರ ಊರಿನ ಬೇರೆ ಕುರಿಗಳ ಜೊತೆ ಬಿಡಬೇಡಿ. ಸಂತೆಯಿಂದ ಬರುವುದು ಕುರಿ ಒಂದೇ ಅಲ್ಲ, ರೋಗವೂ ಬರುತ್ತದೆ. ದನದ ದವಾಖಾನೆಗೆ ಹೋಗಿ ಲಸಿಕೆಯ ತಾರೀಖು ಬರೆಸಿಕೊಂಡು ಬನ್ನಿ. ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕರುಳು ಬೇನೆಯದ್ದು ಮೊದಲ ಸಲ ಎರಡು ಮೂರು ವಾರದ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ. ಇದನ್ನು ಮಾತ್ರ ತಪ್ಪಿಸಬೇಡಿ. ಈ ಬೇನೆ ಬಡಕಲು ಮರಿಯನ್ನಲ್ಲ, ಚೆನ್ನಾಗಿ ತಿಂದು ಗುಂಡಗಿರುವ ಮರಿಯನ್ನೇ ಒಯ್ಯುತ್ತದೆ. ಸಂಜೆ ಜಿಗಿದಾಡಿದ್ದು ಬೆಳಗ್ಗೆ ಕಾಲು ಚಾಚಿ ಮಲಗಿರುತ್ತದೆ, ಮನೆಯವರು ದೃಷ್ಟಿಯಾಯ್ತು ಅಂತಾರೆ. ಮಳೆ ನಿಂತ ಮೇಲೆ ಸಣ್ಣ ನೊಣಗಳಿಂದ ನೀಲಿ ನಾಲಿಗೆ ರೋಗ ಹರಡುತ್ತದೆ, ಅದನ್ನೂ ಕೇಳಿ. ಪಶು ವೈದ್ಯರ ಗಾಡಿ ಬೇಕಾದರೆ 1962ಕ್ಕೆ ಫೋನ್ ಮಾಡಬಹುದು.

ಇನ್ನು ಮೇವು. ಸಬ್ಸಿಡಿ ಶೆಡ್ಡಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ನೀರಿರುವ ಎರಡು ಎಕರೆಯಲ್ಲಿ ಅರ್ಧ ಎಕರೆ ಬೇಲಿ ಮೆಂತ್ಯ, ಕುದುರೆ ಮಸಾಲೆಗೆ ಬಿಡಿ. ಬದುವಿನ ಮೇಲೆ ಚೊಗಚೆ, ಸುಬಾಬುಲ್ ಹಾಕಿ, ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟದಿರಲಿ. ಉಳಿದದ್ದು ನಿಮ್ಮ ಕಡೆಯ ಹೊಲಗಳೇ ಕೊಡುತ್ತವೆ: ತೊಗರಿ ಹೊಟ್ಟು, ಕಡಲೆ ಹೊಟ್ಟು, ಶೇಂಗಾ ಬಳ್ಳಿ. ರಾಶಿ ಮಾಡುವ ಹೊತ್ತಲ್ಲಿ ಕೇಳಿದರೆ ಹೊಟ್ಟು ಸೋವಿ, ಏಪ್ರಿಲ್‌ನಲ್ಲಿ ಹೋದರೆ ಬಂಗಾರ. ಕಬ್ಬಿನ ವಾಡೆ (ತುದಿಯ ಗರಿ) ಸಿಗುತ್ತದೆ ಅಂತ ಅದೊಂದನ್ನೇ ನಂಬಬೇಡಿ.

ಮೇವಿನಲ್ಲೇ ಮೂರು ಅಪಾಯ ಇವೆ, ಯಜಮಾನರಿಗೂ ಓದಿ ಹೇಳಿ. ಎಳೆ ಜೋಳ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಜೋಳ ಮತ್ತು ಕೊಯ್ದ ಮೇಲೆ ಚಿಗುರುವ ಕೂಳೆ, ವಿಷ. ಹೊಟ್ಟೆತುಂಬ ಮೇದರೆ ನಿಮಿಷಗಳಲ್ಲಿ ಕುರಿ ಬೀಳುತ್ತದೆ. ಹೂ ಬಿಡುವವರೆಗೆ ಜೋಳದ ಹೊಲಕ್ಕೆ ಬಿಡಬೇಡಿ. ಎರಡನೆಯದು, ಕಾಳು. ರಾಶಿಯ ಕಣದಲ್ಲಿ ನುಗ್ಗಿ ಜೋಳ, ಗೋವಿನಜೋಳ ತಿಂದ ಕುರಿ ಹೊಟ್ಟೆ ಹುಳಿಯಾಗಿ ಸಾಯುತ್ತದೆ. ಪ್ರೀತಿಯಿಂದ ಒಂದು ಬೊಗಸೆ ಜಾಸ್ತಿ ಹಾಕುವುದೂ ಅದೇ ದಾರಿ. ಕಾಳನ್ನು ದಿನಕ್ಕಿಷ್ಟು ಅಂತ ನಿಧಾನವಾಗಿ ಏರಿಸಬೇಕು. ಮೂರನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ. ದನಕ್ಕೆ ಹಾಕುವ ಮಿನರಲ್ ಪುಡಿ ಕುರಿಗೆ ಹಾಕಬಾರದು. ಅದರಲ್ಲಿರುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಕೂಡಿಕೊಳ್ಳುತ್ತಾ ಹೋಗಿ ಒಂದು ದಿನ ಕಾಮಾಲೆಯಾಗಿ, ಮೂತ್ರ ಕೆಂಪಾಗಿ ಕುರಿ ಸಾಯುತ್ತದೆ. ಮನೆಯಲ್ಲಿ ಎಮ್ಮೆ ಇದೆ ಎಂದು ಬರೆದಿದ್ದೀರಿ, ಎರಡರ ಡಬ್ಬಿ ಬೇರೆ ಬೇರೆ ಇರಲಿ.

ಶೆಡ್ಡಿನ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಪ್ಲಾಸ್ಟಿಕ್ ಅಟ್ಟಣಿಗೆ ಮಳೆ ಜಾಸ್ತಿ ಬೀಳುವ ಕಡೆಗೆ, ನೂರಾರು ಕುರಿ ಒಳಗೇ ಕಟ್ಟಿ ಸಾಕುವವರಿಗೆ ಬೇಕು. ಹುನಗುಂದದ ಮಳೆಗೆ ಎತ್ತರದ ಜಾಗ ನೋಡಿ, ಗರಸು (ಜಲ್ಲಿ ಮಣ್ಣು) ಬಡಿದು, ಮೇಲೆ ಪತ್ರಾಸ್ (ತಗಡು) ಹಾಕಿದರೆ ಸಾಕು. ನಿಮ್ಮದು ಎರೆ ಭೂಮಿ ಅಲ್ವಾ, ಗರಸಿಲ್ಲದಿದ್ದರೆ ಮಳೆಯಲ್ಲಿ ಕೆಸರಾಗಿ ಗೊರಸು ಕೊಳೆಯುತ್ತದೆ. ಒಂದು ಕುರಿಗೆ ಹತ್ತು ಹನ್ನೆರಡು ಚದರಡಿ ಲೆಕ್ಕ. ಗಾಳಿ ಆಡಬೇಕು, ಅಷ್ಟೇ. ಅಟ್ಟಣಿಗೆ ಹತ್ತುವ ಇಳಿಯುವ ಕೆಲಸ ಯಜಮಾನರ ಮೊಣಕಾಲಿಗೂ ಒಳ್ಳೆಯದಲ್ಲ. ಅದರ ಬದಲು ಒಂದು ಮೂಲೆಯಲ್ಲಿ ಬಿದಿರಿನ ಗಳ ಕಟ್ಟಿ, ಒಂದೇ ಕುರಿ ನುಸುಳುವಷ್ಟು ಸಣ್ಣ ಓಣಿ ಮಾಡಿ. ಔಷಧಿ ಕುಡಿಸುವಾಗ, ಸೂಜಿ ಹಾಕಿಸುವಾಗ ಮೂವತ್ತು ಕಿಲೋದ ಪ್ರಾಣಿಯನ್ನು ಅಟ್ಟಿಸಿಕೊಂಡು ಹಿಡಿಯುವುದು ತಪ್ಪುತ್ತದೆ. ಅರವತ್ತರ ಮೇಲೆ ಕುರಿ ಕಟ್ಟುವವರಿಗೆ ಈ ಓಣಿ ಶೆಡ್ಡಿಗಿಂತ ಮುಖ್ಯ.

ದೇಹದ ಮಾತು ಬಂತು, ಇನ್ನೆರಡು ಹೇಳಿಬಿಡ್ತೀನಿ. ಟಗರು ಮರಿಯ ಹಣೆ ಕೆರೆದು, ತಳ್ಳಿ ಆಟ ಆಡಿಸಬೇಡಿ, ಮೊಮ್ಮಕ್ಕಳು ಬಂದಾಗ ಅವರಿಗೂ ಹೇಳಿ. ಮುದ್ದಿಗೆ ಕಲಿತದ್ದನ್ನು ಅದು ದೊಡ್ಡದಾದ ಮೇಲೆ ಹಿಂದಿನಿಂದ ಬಂದು ಗುದ್ದಿ ತೋರಿಸುತ್ತದೆ, ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ಫಾರಂ ಅಲ್ಲೇ ಮುಗೀತು. ಮುಂದೆ ಹೆಣ್ಣು ಕುರಿ ಕಟ್ಟಿದಾಗ ದಿನ ತುಂಬುವ ಮೊದಲೇ ಕಂದು ಹಾಕಿದರೆ ಅದನ್ನಾಗಲಿ, ಈದ ಮೇಲೆ ಬೀಳುವ ಸತ್ತೆ ಕಸವನ್ನಾಗಲಿ ಬರಿಗೈಲಿ ಮುಟ್ಟಬೇಡಿ. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು. ಕೈಗವಸು ಒಂದು ಡಬ್ಬಿ ತಂದಿಡಿ.

ಹೆಣ್ಣು ಕುರಿಯ ಲೆಕ್ಕ ಮಗನಿಗೆ ತೋರಿಸಲು ಕೇಳಿದ್ದೀರಿ. ಗಬ್ಬ ಐದು ತಿಂಗಳು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಈಲು ಅಂತಾರೆ, ಹೊಸಬರು ವರ್ಷಕ್ಕೆ ಒಂದು ಅಂತ ಹಿಡಿಯುವುದು ಕ್ಷೇಮ. ನಮ್ಮ ಕಡೆಯ ಕುರಿ ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ. ಇಪ್ಪತ್ತು ಕುರಿಗೆ ಒಂದು ಟಗರು ಸಾಕು, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಅದರ ಮಕ್ಕಳ ಮೇಲೆ ಅದೇ ಹತ್ತುತ್ತದೆ. ಸತ್ತದ್ದು ಕಳೆದು ವರ್ಷಕ್ಕೆ ಹದಿನಾರು ಹದಿನೇಳು ಮರಿ ಕೈಗೆ ಬಂದರೆ ನೀವು ಚೆನ್ನಾಗಿ ಸಾಕಿದಿರಿ ಎಂದರ್ಥ. ಅದರಲ್ಲಿ ಮೇವು, ಔಷಧಿ ಕಳೆಯಿರಿ. ಪೆನ್ಶನ್ ಇರುವವರಿಗೆ ಇದು ಕೈಖರ್ಚಿಗೆ ಸಾಕಾಗುವ ದುಡ್ಡು, ಮಗನಿಗೆ ಬೆಂಗಳೂರಲ್ಲಿ ಸೈಟು ಕೊಡಿಸುವ ದುಡ್ಡಲ್ಲ. ಯೂಟ್ಯೂಬಿನವರು ಹೇಳುವ ಲಕ್ಷಗಳಲ್ಲಿ ಸಾಯುವ ಮರಿಯೇ ಇರುವುದಿಲ್ಲ, ಗಮನಿಸಿದ್ದೀರಾ? ಹಿಕ್ಕೆ ಗೊಬ್ಬರ ಮರೆಯಬೇಡಿ. ಮೊದಲು ನಿಮ್ಮ ಹೊಲಕ್ಕೆ ಹಾಕಿ, ಉಳಿದರೆ ವಿಜಯಪುರದ ದ್ರಾಕ್ಷಿ ತೋಟದವರು, ನಿಮ್ಮಲ್ಲೇ ದಾಳಿಂಬೆ ಬೆಳೆಯುವವರು ಬಂದು ಒಯ್ಯುತ್ತಾರೆ. ಮಾರುವಾಗ ಕೈಯಂದಾಜಿಗೆ ಕೊಡಬೇಡಿ, ತೂಗು ಹಾಕುವ ಕಾಟಾ ಒಂದು ಕೊಳ್ಳಿ. ಬೆನ್ನು ಮುಟ್ಟಿ ನೋಡಿ ರೇಟು ಹೇಳುವ ವ್ಯಾಪಾರಿಯ ಅಂದಾಜು ಯಾವಾಗಲೂ ಅವನ ಕಡೆಗೇ ವಾಲಿರುತ್ತದೆ.

ಹೆಣ್ಣು ಕುರಿಯನ್ನು ನೀವೇ ಸಾಕುವುದು ಕಷ್ಟ ಅನಿಸಿದರೆ ಊರಿನ ನಂಬಿಕಸ್ತ ಕುರಿಗಾರರಿಗೆ ಪಾಲಿಗೆ ಕೊಡುವ ದಾರಿಯೂ ಇದೆ. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಿಮಗೆ. ಸತ್ತರೆ ಯಾರ ಲೆಕ್ಕ ಎನ್ನುವುದನ್ನು ಮಾತ್ರ ಮೊದಲೇ ಇಬ್ಬರು ಹಿರಿಯರ ಮುಂದೆ ಬರೆದಿಡಿ. ಸಂಬಂಧ ಕೆಡುವುದು ಅಲ್ಲೇ.

ಮುಧೋಳ ನಾಯಿ ವಿಷಯ. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯುವ ಬೇಟೆನಾಯಿ, ಮರಿಗಳು ಓಡಿದರೆ ಅದಕ್ಕೂ ಓಡುವ ಮನಸ್ಸಾಗುತ್ತದೆ. ಕೊಟ್ಟಿಗೆ ಕಾವಲಿಗೆ ಅದಕ್ಕಿಂತ ಊರನಾಯಿಯ ಎರಡು ಮರಿಗಳನ್ನು ಹಾಲು ಬಿಡಿಸಿದ ಕೂಡಲೇ ತಂದು ಕುರಿಗಳ ಜೊತೆಯಲ್ಲೇ ಬೆಳೆಸಿ, ರಾತ್ರಿ ಅಲ್ಲೇ ಮಲಗಲಿ. ರೇಬಿಸ್ ಸೂಜಿ, ಜಂತಿನ ಔಷಧಿ ಅವಕ್ಕೂ ಹಾಕಿಸಿ. ಸತ್ತ ಕುರಿಯ ಹಸಿಮಾಂಸ ಮಾತ್ರ ಅವುಗಳ ಬಾಯಿಗೆ ಸಿಗದಂತೆ ಗುಂಡಿ ತೋಡಿ ಹೂಳಿ.

ಸಂಪಾದಕ